ಹೆರಿಗೆ ಕೋಣೆಯಲ್ಲಿ ಕೊನೇತನಕ ಪಕ್ಕದಲ್ಲಿ ಇರೋರು ಯಾರು?

ಅಮೆರಿಕದ ಹ್ಯೂಸ್ಟನ್‌ನ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ನಡೆದ ಅಧ್ಯಯನವೊಂದು 1991ರಲ್ಲಿ ಪ್ರಕಟವಾಯಿತು. ಜಾನ್ ಕೆನೆಲ್, ಮಾರ್ಷಲ್ ಕ್ಲಾಸ್ ಎಂಬ ಮಕ್ಕಳ ಡಾಕ್ಟರುಗಳು ಮತ್ತು ಅವರ ಜೊತೆಯವರು ಮಾಡಿದ್ದು. ಚೊಚ್ಚಲ ಹೆರಿಗೆಗೆ ಬಂದ ಆರೋಗ್ಯವಂತ ಹೆಂಗಸರಲ್ಲಿ ಒಂದು ಗುಂಪಿಗೆ, ಹೆರಿಗೆ ಮುಗಿಯುವ ತನಕ ಪಕ್ಕ ಬಿಟ್ಟು ಕದಲದ ಒಬ್ಬ ಹೆಂಗಸನ್ನು ಜೊತೆಗಿಟ್ಟರು. ಬೆನ್ನು ನೀವುವುದು, ಕೈ ಹಿಡಿದುಕೊಳ್ಳುವುದು, ಧೈರ್ಯ ಹೇಳುವುದು, ಈಗ ಏನಾಗುತ್ತಿದೆ ಅಂತ ತಿಳಿಸುವುದು ಅವಳ ಕೆಲಸ. ಇಂಥ ಜೊತೆಗಾತಿಯನ್ನೇ ಡೌಲಾ ಅನ್ನುವುದು. ಎರಡನೇ ಗುಂಪಿನವರ ಕೋಣೆಯಲ್ಲೂ ಒಬ್ಬಳಿದ್ದಳು. ಆದರೆ ಅವಳು ದೂರ ಕೂತು ನಡೆದಿದ್ದನ್ನು ಬರೆದುಕೊಳ್ಳುತ್ತಿದ್ದಳು ಅಷ್ಟೇ. ಮಾತಾಡುವ ಹಾಗಿಲ್ಲ, ಮುಟ್ಟುವ ಹಾಗಿಲ್ಲ. ಮೂರನೇ ಗುಂಪಿಗೆ ಆಸ್ಪತ್ರೆಯ ಮಾಮೂಲಿ ಆರೈಕೆ.

ಮಾಮೂಲಿ ಆರೈಕೆಯ ಗುಂಪಿನಲ್ಲಿ ನೂರಕ್ಕೆ 18 ಜನರಿಗೆ ಸಿಸೇರಿಯನ್ ಆಯಿತು. ಪಕ್ಕದಲ್ಲಿ ಜೊತೆಗಾತಿ ಇದ್ದವರಲ್ಲಿ 8. ಸಿಸೇರಿಯನ್ ಇಲ್ಲದೆ ಹೆತ್ತವರನ್ನಷ್ಟೇ ನೋಡಿದರೆ, ಮಾಮೂಲಿ ಗುಂಪಿನಲ್ಲಿ ನೂರಕ್ಕೆ 55 ಜನ ನೋವು ತಡೆಯಲು ಬೆನ್ನಿಗೆ ಎಪಿಡ್ಯೂರಲ್ ಹಾಕಿಸಿಕೊಂಡಿದ್ದರು. ಜೊತೆಗಾತಿ ಇದ್ದವರಲ್ಲಿ ಬರೀ 8.

ನನಗೆ ಈ ಅಧ್ಯಯನದಲ್ಲಿ ಜಾಸ್ತಿ ಆಶ್ಚರ್ಯ ತಂದಿದ್ದು ದೂರ ಕೂತು ಬರೆದುಕೊಳ್ಳುತ್ತಿದ್ದವಳು. ಅವಳಿದ್ದ ಕೋಣೆಗಳಲ್ಲಿ ಸಿಸೇರಿಯನ್ ನೂರಕ್ಕೆ 13, ಎಪಿಡ್ಯೂರಲ್ 23. ಏನೂ ಮಾಡದೆ, ಸುಮ್ನೆ ಕೂತಿದ್ದಕ್ಕೇ ಇಷ್ಟು ವ್ಯತ್ಯಾಸ! ಡೌಲಾ ಅಂದರೆ ಏನು, ಗಂಡ ಹೆರಿಗೆ ಕೋಣೆಯೊಳಗೆ ಯಾಕಿರಬೇಕು ಅಂತ ಕೇಳಿದವರಿಗೆಲ್ಲ ನಾನು ಮೊದಲು ಹೇಳುವುದು ಇದನ್ನೇ. ಬೆನ್ನು ನೀವುವ ವಿದ್ಯೆ, ಉಸಿರಾಟದ ಅಭ್ಯಾಸ ಎಲ್ಲ ಆಮೇಲಿನದು. ಎದ್ದು ಹೋಗದ ಒಬ್ಬರು ಅಲ್ಲಿರುವುದೇ ಅರ್ಧ ಕೆಲಸ.

ಇದು ಒಂದು ಊರಿನ ಕಥೆಯೂ ಅಲ್ಲ. 17 ದೇಶಗಳ 26 ಅಧ್ಯಯನಗಳನ್ನು, ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ಒಟ್ಟು ಹಾಕಿ ನೋಡಿದ, ಕಾಕ್ರೇನ್ ಎಂಬ ಸಂಶೋಧಕರ ಸಂಸ್ಥೆಯ ಪರಿಶೀಲನೆ 2017ರಲ್ಲಿ ಬಂತು. ಹೆರಿಗೆಯುದ್ದಕ್ಕೂ ಬಿಡದೆ ಜೊತೆ ಸಿಕ್ಕವರಲ್ಲಿ ಸಿಸೇರಿಯನ್ ಸುಮಾರು ಕಾಲು ಭಾಗ ಕಡಿಮೆ. ನೋವಿನ ಅವಧಿ ಸರಾಸರಿ ನಲವತ್ತು ನಿಮಿಷ ಕಡಿಮೆ. ಹೆರಿಗೆಯನ್ನು ಕೆಟ್ಟ ನೆನಪಾಗಿ ಇಟ್ಟುಕೊಂಡವರೂ ಕಡಿಮೆ. ಜೊತೆಗಿದ್ದು ಸಹಾಯ ಮಾಡಿದ್ದರಿಂದ ತೊಂದರೆ ಆಯಿತು ಅನ್ನುವುದು ಎಲ್ಲೂ ಕಾಣಲಿಲ್ಲ. ಇಂಥ ಫಲಿತಾಂಶ ಒಂದು ಮಾತ್ರೆಯಿಂದ ಬಂದಿದ್ದರೆ ಎಲ್ಲ ಆಸ್ಪತ್ರೆಗಳೂ ಅದನ್ನು ಬರೆದುಕೊಡುತ್ತಿದ್ದವು, ಅಲ್ವಾ?

ಸೂಲಗಿತ್ತಿ ಬೇರೆ, ಡೌಲಾ ಬೇರೆ

ಡೌಲಾ ಹೆರಿಗೆ ಮಾಡಿಸುವುದಿಲ್ಲ. ಇದು ಮೊದಲು ಸ್ಪಷ್ಟವಾಗಬೇಕು. ಬಿಪಿ ನೋಡುವುದು, ಒಳಗೆ ಕೈಹಾಕಿ ಪರೀಕ್ಷೆ ಮಾಡುವುದು, ಮಗುವಿನ ಎದೆಬಡಿತ ಕೇಳುವುದು, ಔಷಧಿ ಕೊಡುವುದು, ಮಗುವನ್ನು ಹೊರಗೆ ತೆಗೆಯುವುದು ಯಾವುದೂ ಅವಳ ಕೆಲಸವಲ್ಲ. ಅವೆಲ್ಲ ಡಾಕ್ಟರು, ನರ್ಸು ಅಥವಾ ತರಬೇತಾದ ಮಿಡ್‌ವೈಫ್‌ಗಳದ್ದು. ಡೌಲಾ ಹಣ ತೆಗೆದುಕೊಂಡು, ತಾಯಿಯ ಕಡೆಯಿಂದ ಬರುವ ಜೊತೆಗಾತಿ. ಬಸುರಿಯಾಗಿದ್ದಾಗ ಕೆಲವು ಸಲ ಭೇಟಿಯಾಗುತ್ತಾಳೆ, ನೋವು ಶುರುವಾದಾಗ ಬರುತ್ತಾಳೆ, ಮಗು ಹುಟ್ಟಿ ಒಂದೆರಡು ಗಂಟೆಯವರೆಗೆ ಇರುತ್ತಾಳೆ. ಮಧ್ಯದಲ್ಲಿ ಶಿಫ್ಟ್ ಮುಗಿಯಿತು ಅಂತ ಹೋಗುವುದಿಲ್ಲ.

ನಮ್ಮ ಸೂಲಗಿತ್ತಿಯರು ಈ ಎರಡೂ ಕೆಲಸ ಮಾಡುತ್ತಿದ್ದರು. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ನರಸಮ್ಮ ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರ್ 25ರಂದು ತೀರಿಕೊಂಡರು. ಸೂಲಗಿತ್ತಿ ಅಂದರೆ ಮಗು ಹಿಡಿಯುವ ಕೈ ಹೌದು. ಜೊತೆಗೆ, ರಾತ್ರಿಯಿಡೀ ಗೋಡೆಗೊರಗಿ ಕೂತು, ಬೆನ್ನು ಉಜ್ಜಿ, ಬಿಸಿನೀರು ಕಾಯಿಸಿ, ಬಯ್ದು, ನಗಿಸಿ, ಹೆರುವವಳನ್ನು ಬೆಳಗಿನವರೆಗೆ ದಾಟಿಸುವವಳೂ ಹೌದು.

ಆಮೇಲೆ ಹೆರಿಗೆ ಆಸ್ಪತ್ರೆಗೆ ಹೋಯಿತು. ಹೋಗಿದ್ದು ಒಳ್ಳೆಯದೇ ಆಯಿತು, ಅದರಲ್ಲಿ ಎರಡು ಮಾತಿಲ್ಲ. 2001-03ರ ಲೆಕ್ಕದಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಜನನಕ್ಕೆ 228 ತಾಯಂದಿರು ಸಾಯುತ್ತಿದ್ದರು. 2018-20ರ ಹೊತ್ತಿಗೆ ಅದು 69ಕ್ಕೆ ಇಳಿದಿತ್ತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತಿದೆ. ಸೂಲಗಿತ್ತಿಯ ಒಂದು ಕೆಲಸವನ್ನು ಆಸ್ಪತ್ರೆ ತೆಗೆದುಕೊಂಡಿತು, ಅವಳಿಗಿಂತ ಚೆನ್ನಾಗಿಯೇ ಮಾಡಿತು. ಇನ್ನೊಂದು ಕೆಲಸವನ್ನು ಯಾರೂ ತೆಗೆದುಕೊಳ್ಳಲಿಲ್ಲ. ಅಮ್ಮ, ಅತ್ತೆ, ಗಂಡ ಎಲ್ಲರೂ ಲೇಬರ್ ವಾರ್ಡಿನ ಬಾಗಿಲಾಚೆ ಬೆಂಚಿನ ಮೇಲೆ. ಒಳಗೆ ನರ್ಸ್ ಒಬ್ಬಳೇ ಮೂರು ನಾಲ್ಕು ಜನರನ್ನು ನೋಡಿಕೊಳ್ಳಬೇಕು. ಅವಳು ಎಷ್ಟು ಒಳ್ಳೆಯವಳಾದರೂ ಒಬ್ಬರ ಪಕ್ಕದಲ್ಲೇ ಕೂರಲು ಆಗುವುದಿಲ್ಲ.

ಅದೇ ಸಮೀಕ್ಷೆಯ ಇನ್ನೊಂದು ಅಂಕಿ: ಕರ್ನಾಟಕದಲ್ಲಿ ನೂರಕ್ಕೆ 31.5 ಹೆರಿಗೆ ಸಿಸೇರಿಯನ್. ಖಾಸಗಿ ಆಸ್ಪತ್ರೆಗಳಲ್ಲಿ ಹೆಚ್ಚುಕಡಿಮೆ ಅರ್ಧ. ಇದಕ್ಕೆ ಕಾರಣ ಹತ್ತಾರಿವೆ. ಹೆದರಿಕೆ, ಹಿಂದಿನ ಸಿಸೇರಿಯನ್, ತಾಯಿಯ ವಯಸ್ಸು, ಸಕ್ಕರೆ ಕಾಯಿಲೆ, ಮುಹೂರ್ತ ನೋಡಿ ಹೆರಿಗೆ ಮಾಡಿಸುವ ನಮ್ಮವರ ಖಯಾಲಿ, ಆಸ್ಪತ್ರೆಯ ಅನುಕೂಲ ಎಲ್ಲ ಸೇರಿದೆ. ಜೊತೆಗಾತಿ ಒಬ್ಬಳಿಂದ ಇಷ್ಟೂ ಸರಿಹೋಗುತ್ತದೆ ಅಂತ ನಾನು ಹೇಳುವುದಿಲ್ಲ. ಆದರೆ ನೋವಿನ ನಡುವೆ ಒಂಟಿಯಾಗಿ ಬಿದ್ದುಕೊಂಡವಳು "ಸಾಕು, ಕೊಯ್ದುಬಿಡಿ" ಅನ್ನುವುದರಲ್ಲಿ ಆಶ್ಚರ್ಯವೇನಿದೆ?

ಮೈಯೊಳಗೆ ಏನು ನಡೆಯುತ್ತದೆ

ಈ ಲೇಖನದಲ್ಲಿ ಸಹಜ ಹೆರಿಗೆ ಅಂದರೆ, ನೋವು ತಾನಾಗಿ ಶುರುವಾಗಿ, ನೋವು ಬರಿಸುವ ಡ್ರಿಪ್ ಇಲ್ಲದೆ, ಅಗತ್ಯವಿಲ್ಲದ ಕಡೆ ಕೈಹಾಕದೆ ಆಗುವ ಹೆರಿಗೆ. ಆಸ್ಪತ್ರೆಯಲ್ಲೇ, ಡಾಕ್ಟರ ಕಣ್ಣಳತೆಯಲ್ಲೇ.

ಗರ್ಭಕೋಶದ ಬಾಯಿ ಒಂಬತ್ತು ತಿಂಗಳು ಗಟ್ಟಿಯಾಗಿ ಮುಚ್ಚಿಕೊಂಡಿರುತ್ತದೆ. ಹೆರಿಗೆ ನೋವೆಂದರೆ ಗರ್ಭಕೋಶದ ಮೇಲ್ಭಾಗ ಬಿಗಿಯಾಗಿ, ಆ ಬಾಯನ್ನು ಸ್ವಲ್ಪ ಸ್ವಲ್ಪವೇ ಮೇಲಕ್ಕೆಳೆದು ಮಗುವಿನ ತಲೆಯ ಸುತ್ತ ತೆರೆಯುವುದು. ಬಿಗಿ ಕುತ್ತಿಗೆಯ ಸ್ವೆಟರನ್ನು ಮಕ್ಕಳ ತಲೆಗೆ ಹಾಕುವಾಗ ಎಳೆದೆಳೆದು ಇಳಿಸುತ್ತೇವಲ್ಲ, ಹಾಗೆ. ಒಂದೇ ಎಳೆತಕ್ಕೆ ಆಗುವುದಿಲ್ಲ. ಎಳೆಯಬೇಕು, ಬಿಡಬೇಕು, ಮತ್ತೆ ಎಳೆಯಬೇಕು. ಅದಕ್ಕೇ ನೋವು ಬಂದು ಬಂದು ಹೋಗುತ್ತದೆ. ಒಂದೊಂದು ನೋವು ಒಂದು ನಿಮಿಷದ ಆಸುಪಾಸು. ಮಧ್ಯದ ಬಿಡುವಿನಲ್ಲಿ ಬಹುತೇಕರಿಗೆ ನೋವೇ ಇರುವುದಿಲ್ಲ. ಕೆಲವರು ಆ ಎರಡು ನಿಮಿಷದಲ್ಲಿ ಗೊರಕೆ ಹೊಡೆದು ನಿದ್ದೆಯನ್ನೂ ಮಾಡುತ್ತಾರೆ!

ಈ ಬಿಗಿತ ತರುವುದು ಆಕ್ಸಿಟೋಸಿನ್ ಎಂಬ ಹಾರ್ಮೋನು. ಇದಕ್ಕೆ ಸ್ವಲ್ಪ ಸಂಕೋಚದ ಸ್ವಭಾವ. ಮಬ್ಬು ಬೆಳಕು, ಬೆಚ್ಚನೆಯ ಜಾಗ, ಗುರುತಿನವರ ಸ್ಪರ್ಶ, ಯಾರೂ ದುರುಗುಟ್ಟಿ ನೋಡುತ್ತಿಲ್ಲ ಅನ್ನುವ ಭರವಸೆ ಇದ್ದಾಗ ಧಾರಾಳವಾಗಿ ಬರುತ್ತದೆ. ಹೆದರಿದಾಗ ಮೈ ಬಿಡುಗಡೆ ಮಾಡುವುದು ಅಡ್ರಿನಲಿನ್. ಅದು ಬಂತೆಂದರೆ ಆಕ್ಸಿಟೋಸಿನ್ ಹಿಂದೆ ಸರಿಯುತ್ತದೆ, ನೋವುಗಳ ನಡುವಿನ ಅಂತರ ಜಾಸ್ತಿಯಾಗುತ್ತದೆ. ಮನೆಯಲ್ಲಿ ಐದು ನಿಮಿಷಕ್ಕೊಮ್ಮೆ ಬರುತ್ತಿದ್ದ ನೋವು ಆಸ್ಪತ್ರೆಯ ಟ್ಯೂಬ್‌ಲೈಟಿನ ಕೆಳಗೆ ಮಲಗಿಸಿದ ಕೂಡಲೇ ನಿಂತುಹೋದ ಕಥೆಗಳನ್ನು ಎಷ್ಟೋ ಜನ ಹೇಳುತ್ತಾರೆ. ಇದೇ ಕಾರಣ.

ಅಷ್ಟೇ ಅಲ್ಲ. ಹೆದರಿಕೆಯಿಂದ ಮೈ ಸೆಟೆಯುತ್ತದೆ, ಸೆಟೆದ ಮೈಗೆ ನೋವು ಜಾಸ್ತಿ, ನೋವು ಜಾಸ್ತಿಯಾದರೆ ಇನ್ನಷ್ಟು ಹೆದರಿಕೆ. ಈ ಸುತ್ತನ್ನು ಎಲ್ಲಾದರೂ ಒಂದು ಕಡೆ ಕತ್ತರಿಸಬೇಕು. ನೋವನ್ನು ಪೂರ್ತಿ ತೆಗೆಯಲು ಔಷಧಿ ಬೇಕು. ಹೆದರಿಕೆ ತೆಗೆಯಲು ಒಬ್ಬ ಮನುಷ್ಯ ಸಾಕು. ಗಂಡ, ಡೌಲಾ ಇಬ್ಬರೂ ಕೆಲಸ ಮಾಡುವುದು ಇಲ್ಲೇ.

ಮನೆಯಲ್ಲಿ ಕಳೆಯುವ ಹೊತ್ತು

ಸಿನಿಮಾದಲ್ಲಿ ತೋರಿಸುವ ಹಾಗೆ ನೋವು ಬಂದ ಕೂಡಲೇ ಕಾರು ಓಡಿಸಬೇಕಾಗಿಲ್ಲ. ಚೊಚ್ಚಲ ಹೆರಿಗೆಯಲ್ಲಿ ಮೊದಲ ಹಂತ ತುಂಬಾ ನಿಧಾನ. ಕೆಲವರಿಗೆ ಒಂದಿಡೀ ಹಗಲು, ಕೆಲವರಿಗೆ ಒಂದು ದಿನಕ್ಕೂ ಜಾಸ್ತಿ. ಎಲ್ಲ ಸರಿಯಿದ್ದರೆ ಇದನ್ನು ಮನೆಯಲ್ಲೇ ಕಳೆಯುವುದು ಒಳ್ಳೆಯದು. ತಿನ್ನಬೇಕು, ಸ್ನಾನ ಮಾಡಬೇಕು, ಆದಷ್ಟು ನಿದ್ದೆ ಮಾಡಬೇಕು. ಗಂಜಿ, ಇಡ್ಲಿ, ಬಾಳೆಹಣ್ಣು, ಮಜ್ಜಿಗೆ, ಹೊಟ್ಟೆಗೆ ಹಗುರಾದದ್ದು ಯಾವುದಾದರೂ ಸರಿ. ನೋವು ಐದು ನಿಮಿಷಕ್ಕೊಮ್ಮೆ ಬಂದು, ಒಂದೊಂದೂ ಒಂದು ನಿಮಿಷ ಇದ್ದು, ಇದು ಒಂದು ಗಂಟೆ ಹೀಗೇ ನಡೆದರೆ ಹೊರಡುವ ಹೊತ್ತು ಅಂತ ಡೌಲಾಗಳು ಒಂದು ಲೆಕ್ಕ ಹೇಳಿಕೊಡುತ್ತಾರೆ. ಆಸ್ಪತ್ರೆ ದೂರವಿದ್ದರೆ, ಘಟ್ಟದ ರಸ್ತೆಯಾದರೆ, ಎರಡನೇ ಹೆರಿಗೆಯಾದರೆ ಅದಕ್ಕೂ ಮೊದಲೇ ಹೊರಡಬೇಕು.

ಕಾಯಲೇಬಾರದ ಸಂಗತಿಗಳೂ ಇವೆ. ರಕ್ತ ಹೋಗುವುದು, ಮಗುವಿನ ಅಲುಗಾಟ ಕಡಿಮೆಯಾಗುವುದು, ಒಡೆದ ನೀರು ಹಸಿರು ಅಥವಾ ಕಂದು ಬಣ್ಣವಿರುವುದು, 37 ವಾರ ತುಂಬುವ ಮೊದಲೇ ನೀರು ಒಡೆಯುವುದು ಅಥವಾ ನೋವು ಬರುವುದು, ತಡೆಯಲಾಗದ ತಲೆನೋವು, ಕಣ್ಣು ಮಂಜಾಗುವುದು, ಜ್ವರ, ಫಿಟ್ಸ್. ಇದರಲ್ಲಿ ಒಂದು ಕಂಡರೂ ನೋವಿನ ಲೆಕ್ಕ ಬದಿಗಿಟ್ಟು ತಕ್ಷಣ ಆಸ್ಪತ್ರೆಗೆ ಹೋಗಬೇಕು. ನೀರು ಒಡೆದಿದೆ ಆದರೆ ನೋವಿಲ್ಲ ಅಂದರೂ ಡಾಕ್ಟರಿಗೆ ಫೋನ್ ಮಾಡಿ ಹೇಳಲೇಬೇಕು.

ಈ ಹೊತ್ತಿನಲ್ಲಿ ಗಂಡನ ಕೆಲಸ ಹೆಚ್ಚೇನಿಲ್ಲ ಅನಿಸುತ್ತದೆ, ಆದರೆ ಬೇಕಾದಷ್ಟಿದೆ. ನೋವಿನ ಹೊತ್ತು ಬರೆದುಕೊಳ್ಳುವುದು, ಬಿಡುವಿದ್ದಾಗಲೆಲ್ಲ ಒಂದು ಗುಟುಕು ನೀರು ಕುಡಿಸುವುದು, ಎರಡು ಗಂಟೆಗೊಮ್ಮೆ ಬಾತ್‌ರೂಮಿಗೆ ಎಬ್ಬಿಸಿ ಕರೆದುಕೊಂಡು ಹೋಗುವುದು. ಮೂತ್ರಕೋಶ ತುಂಬಿದ್ದರೆ ಮಗುವಿನ ತಲೆ ಕೆಳಗಿಳಿಯಲು ಅಡ್ಡ, ಅದಕ್ಕೆ. ಎಲ್ಲಕ್ಕಿಂತ ಮುಖ್ಯ, ಫೋನು. "ಏನಾಯ್ತು? ಇನ್ನೂ ಆಗ್ಲಿಲ್ವಾ?" ಅಂತ ಹತ್ತು ಕಡೆಯಿಂದ ಬರುವ ಕರೆಗಳನ್ನು ಅವಳ ಕಿವಿಗೆ ಬೀಳದಂತೆ ತಡೆಯುವುದು.

ಒಂದು ನಿಮಿಷದ ಕೆಲಸ

ನೋವು ಜೋರಾದಾಗ ಕೈಯಿಂದ ಏನು ಮಾಡಬಹುದು? ಡೌಲಾಗಳು ಗಂಡಂದಿರಿಗೆ ಮೊದಲು ಕಲಿಸುವ ಒಂದನ್ನು ಬಿಡಿಸಿ ಹೇಳುತ್ತೇನೆ.

ಅವಳು ಮಂಚದ ಅಂಚಿಗೋ ಕಿಟಕಿಗೋ ಕೈಯೂರಿ ಮುಂದಕ್ಕೆ ಬಾಗಿ ನಿಂತಿರಬೇಕು. ನೀವು ಹಿಂದೆ. ಎರಡೂ ಅಂಗೈಗಳನ್ನು ಅವಳ ಸೊಂಟದ ಎರಡು ಪಕ್ಕ, ಮೂಳೆಗಿಂತ ಸ್ವಲ್ಪ ಕೆಳಗೆ, ಪೃಷ್ಠದ ಮಾಂಸಲ ಭಾಗದ ಮೇಲೆ ಇಡಿ. ಬೆರಳುಗಳು ಬೆನ್ನುಮೂಳೆಯ ಕಡೆಗೆ ತಿರುಗಿರಲಿ, ಮೊಣಕೈ ಅಗಲವಾಗಿರಲಿ. ನೋವು ಶುರುವಾಗುವ ಸೂಚನೆ ಅವಳ ಉಸಿರಿನಲ್ಲೇ ಸಿಗುತ್ತದೆ. ಆಗ ಎರಡೂ ಕಡೆಯಿಂದ ಒಳಕ್ಕೆ, ಸ್ವಲ್ಪ ಮೇಲಕ್ಕೆ ಒತ್ತಿ. ಮೆಲ್ಲಗೆ ಸವರುವುದಲ್ಲ, ಮೈಭಾರ ಹಾಕಿ ಒತ್ತಬೇಕು. ನೋವು ಇಳಿಯುವ ತನಕ ಸಡಿಲಿಸಬಾರದು, ಇಳಿಯುತ್ತಿದ್ದಂತೆ ನಿಧಾನಕ್ಕೆ ಬಿಡಬೇಕು. "ಇನ್ನೂ ಗಟ್ಟಿ", "ಸ್ವಲ್ಪ ಕೆಳಗೆ" ಅಂತ ಅವಳೇ ಹೇಳುತ್ತಾಳೆ. "ಮುಟ್ಟಬೇಡ" ಅಂದರೆ ಕೈ ತೆಗೆಯಿರಿ, ಬೇಜಾರು ಮಾಡಿಕೊಳ್ಳಬೇಡಿ. ಹತ್ತು ನಿಮಿಷ ಬಿಟ್ಟು ಅವಳೇ ಕರೆಯಬಹುದು.

ಮಗುವಿನ ಬೆನ್ನು ಅಮ್ಮನ ಬೆನ್ನ ಕಡೆಗಿದ್ದರೆ ನೋವೆಲ್ಲ ಟೊಂಕಕ್ಕೇ ಬಂದು ಕೂರುತ್ತದೆ. ಆಗ ಟೊಂಕದ ಕೆಳಗಿನ ಚಪ್ಪಟೆ ಮೂಳೆಯ ಮೇಲೆ ಅಂಗೈಯ ಬುಡದಿಂದ ನೇರವಾಗಿ ಒತ್ತಿದರೆ ಹಾಯೆನಿಸುತ್ತದೆ. ಮಂಡಿಯೂರಿ ನಾಲ್ಕು ಕಾಲಲ್ಲಿ ನಿಂತರೂ ಒಳ್ಳೆಯದು.

ಇದನ್ನು ಗಂಟೆಗೆ ಹತ್ತು ಹದಿನೈದು ಸಲ, ಆರೇಳು ಗಂಟೆ ಮಾಡಿ ನೋಡಿ. ತೋಳು ಬಿದ್ದುಹೋಗುತ್ತದೆ. ಇಬ್ಬರಿದ್ದರೆ ಒಳ್ಳೆಯದು ಅನ್ನುವುದಕ್ಕೆ ಬೇರೆ ತತ್ವಶಾಸ್ತ್ರವೇನೂ ಬೇಕಿಲ್ಲ. ಒಬ್ಬರು ಒತ್ತುವಾಗ ಇನ್ನೊಬ್ಬರು ಎದುರಿಗೆ ನಿಂತು ಕಣ್ಣಲ್ಲಿ ಕಣ್ಣಿಟ್ಟು ಉಸಿರಾಡಬಹುದು. ಒಳಗೆ ಎಳೆದುಕೊಂಡದ್ದಕ್ಕಿಂತ ಹೊರಗೆ ಬಿಡುವುದು ಉದ್ದವಿರಬೇಕು. ದನಿ ಬಂದರೆ ಬರಲಿ, ಆದರೆ ಕೀರಲು ದನಿಗಿಂತ ಹೊಟ್ಟೆಯಾಳದಿಂದ ಬರುವ ನರಳಿಕೆ ಒಳ್ಳೆಯದು. ಗಂಟಲು, ದವಡೆ ಸಡಿಲವಿದ್ದರೆ ಕೆಳಗೂ ಸಡಿಲವಾಗಿರುವುದು ಸುಲಭ ಅಂತ ಡೌಲಾಗಳು ಹೇಳುತ್ತಾರೆ.

ಗಂಡ ಇದ್ದಾನಲ್ಲ, ಡೌಲಾ ಯಾಕೆ?

ಎಲ್ಲರೂ ಕೇಳುವ ಪ್ರಶ್ನೆ. ಕೆನೆಲ್ ಮತ್ತು ಸೂಸನ್ ಮೆಗ್ರಾ ಇದನ್ನೂ ಪರೀಕ್ಷೆ ಮಾಡಿದರು. ಕ್ಲೀವ್‌ಲ್ಯಾಂಡಿನಲ್ಲಿ ಮಧ್ಯಮ ವರ್ಗದ, ಸಂಗಾತಿಯ ಜೊತೆಗೇ ಹೆರಿಗೆಗೆ ಬಂದ 420 ಚೊಚ್ಚಲ ಬಸುರಿಯರು. ಅರ್ಧದಷ್ಟು ಜನರಿಗೆ ಡೌಲಾ ಕೂಡ ಇದ್ದಳು. 2008ರಲ್ಲಿ ಪ್ರಕಟವಾದ ಫಲಿತಾಂಶ: ಸಂಗಾತಿ ಮಾತ್ರ ಇದ್ದವರಲ್ಲಿ ನೂರಕ್ಕೆ 25 ಸಿಸೇರಿಯನ್, ಡೌಲಾ ಕೂಡ ಇದ್ದವರಲ್ಲಿ 13.4.

ಕಾರಣ ಊಹಿಸುವುದು ಕಷ್ಟವಲ್ಲ. ಗಂಡನಿಗೆ ಅವಳು ಗೊತ್ತು, ಹೆರಿಗೆ ಗೊತ್ತಿಲ್ಲ. ಡೌಲಾಗೆ ಹೆರಿಗೆ ಗೊತ್ತು.

ಗರ್ಭಕೋಶದ ಬಾಯಿ ಎಂಟು ಸೆಂಟಿಮೀಟರ್ ದಾಟಿ ಹತ್ತಕ್ಕೆ ಹೋಗುವ ಹೊತ್ತನ್ನೇ ತೆಗೆದುಕೊಳ್ಳಿ. ಇಡೀ ಹೆರಿಗೆಯ ಅತಿ ಕಷ್ಟದ, ಆದರೆ ಸಾಮಾನ್ಯವಾಗಿ ಚಿಕ್ಕ ಹಂತ ಇದು. ಅವಳ ಕಾಲು ಗಡಗಡ ನಡುಗುತ್ತದೆ. ವಾಂತಿಯಾಗಬಹುದು. ಒಂದು ಕ್ಷಣ ಸೆಕೆ, ಮರುಕ್ಷಣ ಚಳಿ. ಇಷ್ಟು ಹೊತ್ತು ಸಮಾಧಾನದಿಂದ ಇದ್ದವಳು ಗಂಡನ ಕಾಲರ್ ಹಿಡಿದು "ನನ್ನ ಕೈಲಿ ಆಗಲ್ಲ, ಸಿಸೇರಿಯನ್ ಮಾಡೋಕೆ ಹೇಳ್ರೀ" ಅನ್ನುತ್ತಾಳೆ. ಗಂಡನಿಗೆ ಕೈಕಾಲು ಆಡುವುದಿಲ್ಲ. ಪ್ರೀತಿಯಿಂದಲೇ ಡಾಕ್ಟರನ್ನು ಕರೆಯಲು ಓಡುತ್ತಾನೆ. ಹತ್ತಾರು ಹೆರಿಗೆ ನೋಡಿದ ಡೌಲಾಗೆ ಅದೇ ಮಾತು ಬೇರೆ ಥರ ಕೇಳಿಸುತ್ತದೆ. "ಆಗಲ್ಲ" ಅನ್ನುವ ಹಂತ ಬಂತು ಅಂದರೆ ಮುಗಿಯುತ್ತಾ ಬಂತು ಅಂತ. ಅವಳು ನರ್ಸನ್ನು ಕರೆದು ಪರೀಕ್ಷೆ ಮಾಡಿ ಅಂತ ಕೇಳುತ್ತಾಳೆ, ಇವಳ ಮುಖಕ್ಕೆ ತಣ್ಣೀರು ಬಟ್ಟೆ ಇಡುತ್ತಾಳೆ, "ಇದೊಂದು ನೋವು ಮಾತ್ರ ನೋಡೋಣ, ಮುಂದಿನದು ಆಮೇಲೆ" ಅನ್ನುತ್ತಾಳೆ. ಹಾಗೇ ಗಂಡನ ಭುಜದ ಮೇಲೂ ಒಂದು ಕೈ ಇಡುತ್ತಾಳೆ. ಅವನಿಗೂ ಬೇಕಾಗಿರುತ್ತದೆ.

ಒಳ್ಳೆಯ ಡೌಲಾ ಗಂಡನ ಜಾಗಕ್ಕೆ ಬಂದು ಕೂರುವುದಿಲ್ಲ. ಅವನ ಕೈಯನ್ನು ಎಲ್ಲಿಡಬೇಕೋ ಅಲ್ಲಿಡಿಸುತ್ತಾಳೆ. ಅವನು ಹೋಗಿ ಕಾಫಿ ಕುಡಿದು ಬರಲಿ ಅಂತ ಕಳಿಸುತ್ತಾಳೆ, ಅಷ್ಟು ಹೊತ್ತು ತಾನಿರುತ್ತಾಳೆ.

ನಮ್ಮ ಕಡೆ ಇನ್ನೊಂದು ತೊಡಕಿದೆ. ಚೊಚ್ಚಲ ಹೆರಿಗೆ ತವರಿನಲ್ಲಿ. ಅವಳು ಹಾಸನದಲ್ಲೋ ಶಿರಸಿಯಲ್ಲೋ, ಅವನು ಬೆಂಗಳೂರಿನ ಆಫೀಸಿನಲ್ಲಿ. ಸುದ್ದಿ ಕೇಳಿ ರಾತ್ರಿ ಬಸ್ಸು ಹತ್ತಿ ಬರುವಷ್ಟರಲ್ಲಿ ಮಗು ತೊಟ್ಟಿಲಲ್ಲಿರುತ್ತದೆ. ಅಂಥ ಕಡೆ ಪಕ್ಕದಲ್ಲಿರಬೇಕಾದವಳು ಅಮ್ಮನೋ ಅಕ್ಕನೋ. ಇದು ಕಡಿಮೆಯದ್ದೇನಲ್ಲ, ಕಾಕ್ರೇನ್ ಪರಿಶೀಲನೆಯಲ್ಲಿ ಮನೆಯವರೇ ಜೊತೆಗಿದ್ದ ಅಧ್ಯಯನಗಳೂ ಇವೆ. ಒಂದೇ ಷರತ್ತು, ಆ ಅಮ್ಮನಿಗೆ ಮಗಳ ನೋವು ನೋಡಿ ಅಳುವ ಸ್ವಭಾವ ಇರಬಾರದು. ವಿದೇಶದಲ್ಲಿರುವ ನಮ್ಮವರದು ಇದಕ್ಕೆ ಪೂರ್ತಿ ಉಲ್ಟಾ. ಅಲ್ಲಿ ಗಂಡ ಕೋಣೆಯೊಳಗೆ ಇದ್ದೇ ಇರುತ್ತಾನೆ, ಅಮ್ಮನ ವೀಸಾ ಮಾತ್ರ ಸಮಯಕ್ಕೆ ಬಂದಿರುವುದಿಲ್ಲ. ಡೌಲಾ ಹೆಚ್ಚು ಉಪಯೋಗಕ್ಕೆ ಬರುವುದು ಅಂಥ ಒಂಟಿ ದಂಪತಿಗೆ.

ಆಸ್ಪತ್ರೆ ಒಪ್ಪುತ್ತದಾ?

ಕೇಂದ್ರ ಆರೋಗ್ಯ ಇಲಾಖೆ 2016ರಲ್ಲೇ ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ ಹೊತ್ತಿಗೆ ಒಬ್ಬ ಜೊತೆಗಾರರನ್ನು ಬಿಡಬೇಕು ಅಂತ ಹೇಳಿದೆ. ಸಂಬಂಧಿಕರಲ್ಲಿ ಒಬ್ಬ ಹೆಂಗಸು, ಆದಷ್ಟು ಹೆತ್ತ ಅನುಭವ ಇರುವವರು. ಬೇರೆಯವರಿಗೆ ಮುಜುಗರವಾಗದಂತೆ ಪ್ರತ್ಯೇಕ ಜಾಗ ಇರುವ ಕಡೆ ಗಂಡನಿಗೂ ಅವಕಾಶ. ಹೆರಿಗೆ ಕೋಣೆಗಳ ಗುಣಮಟ್ಟ ಸುಧಾರಿಸಲು 2017ರಲ್ಲಿ ಶುರುವಾದ ಲಕ್ಷ್ಯ ಯೋಜನೆಯಲ್ಲೂ ಇದು ಸೇರಿದೆ. ಕಾಗದದ ಮೇಲೆ ಇರುವುದಕ್ಕೂ ತುಂಬಿ ತುಳುಕುವ ವಾರ್ಡಿಗೂ ದೂರ ಇದೆ, ಅದು ಗೊತ್ತಿರುವ ವಿಷಯವೇ. ಆದರೂ ನಿಯಮ ಇದೆ ಅನ್ನುವುದು ಗೊತ್ತಿದ್ದರೆ ಕೇಳಲು ಧೈರ್ಯ ಬರುತ್ತದೆ. ಖಾಸಗಿ ಆಸ್ಪತ್ರೆಗಳದು ಒಂದೊಂದು ಕಡೆ ಒಂದೊಂದು ಪದ್ಧತಿ. ಕೆಲವು ಕಡೆ ಒಬ್ಬರೇ, ಗಂಡ ಅಥವಾ ಡೌಲಾ ಆರಿಸಿಕೊಳ್ಳಿ ಅನ್ನುತ್ತಾರೆ. ಕೆಲವು ಕಡೆ ಇಬ್ಬರೂ ಸರಿ. ಇದನ್ನು ಏಳನೇ ತಿಂಗಳಲ್ಲೇ ಕೇಳಿಕೊಳ್ಳಬೇಕು. ನೋವು ಬಂದು ಬಾಗಿಲಲ್ಲಿ ನಿಂತಾಗ ವಾದ ಮಾಡಲು ಆಗುವುದಿಲ್ಲ.

ಇನ್ನೂ ನಾಲ್ಕು ವಿಷಯ ಅದೇ ದಿನ ಕೇಳಿ. ಓಡಾಡಲು ಬಿಡುತ್ತೀರಾ? ಏನಾದರೂ ತಿನ್ನಲು, ಕುಡಿಯಲು ಬಿಡುತ್ತೀರಾ? ಮಗುವಿನ ಎದೆಬಡಿತ ಆಗಾಗ ಕೇಳುತ್ತೀರಾ, ಅಥವಾ ಮಷೀನ್ ಕಟ್ಟಿ ಮಲಗಿಸಿಬಿಡುತ್ತೀರಾ? ಮಗು ಹೊರಬರುವಾಗ ಎಲ್ಲರಿಗೂ ಯೋನಿಯ ಬಾಯಿ ಕೊಯ್ದು ಹೊಲಿಗೆ ಹಾಕುತ್ತೀರಾ? ವಿಶ್ವ ಆರೋಗ್ಯ ಸಂಸ್ಥೆಯ 2018ರ ಮಾರ್ಗಸೂಚಿ ಈ ಎಲ್ಲದರಲ್ಲೂ ತಾಯಿಯ ಕಡೆಗೇ ಇದೆ. ತೊಂದರೆಯಿಲ್ಲದ ಹೆರಿಗೆಯಲ್ಲಿ ಓಡಾಡಲಿ, ತಿನ್ನಲಿ, ಮಗುವನ್ನು ಹೊರದೂಡುವ ಹಂತ ಬರುವ ತನಕ ಎದೆಬಡಿತ ಹದಿನೈದರಿಂದ ಮೂವತ್ತು ನಿಮಿಷಕ್ಕೊಮ್ಮೆ ಕೇಳಿದರೆ ಸಾಕು, ಎಲ್ಲರಿಗೂ ಕೊಯ್ಯಬೇಕಿಲ್ಲ ಅನ್ನುತ್ತದೆ. ಇನ್ನೊಂದು ದೊಡ್ಡ ಬದಲಾವಣೆಯನ್ನೂ ಅದು ತಂದಿದೆ. ಗಂಟೆಗೆ ಒಂದು ಸೆಂಟಿಮೀಟರ್ ತೆರೆಯಲೇಬೇಕು ಅನ್ನುವ ಹಳೆಯ ಲೆಕ್ಕ ಎಲ್ಲರಿಗೂ ಹೊಂದುವುದಿಲ್ಲ, ನಿಜವಾದ ವೇಗ ಶುರುವಾಗುವುದೇ ಐದು ಸೆಂಟಿಮೀಟರ್ ಆದಮೇಲೆ ಅಂತ. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದರೆ ಮೂರು ಸೆಂಟಿಮೀಟರಿಗೆ ನಿಂತಿದ್ದನ್ನು ನೋಡಿ "ಮುಂದಕ್ಕೆ ಹೋಗ್ತಿಲ್ಲ" ಅಂತ ಅವಸರ ಪಡಬೇಕಿಲ್ಲ.

ಹೆರಿಗೆ ನಡೆಯುವಾಗ ಡ್ರಿಪ್ ಹಾಕೋಣ, ನೀರು ಒಡೆಯೋಣ ಅಂತ ಯಾರಾದರೂ ಹೇಳಿದರೆ ಗಂಡ ಕೇಳಬೇಕಾದ ಮಾತು ಇಷ್ಟು: ಇದರಿಂದ ಏನು ಉಪಯೋಗ, ಏನು ತೊಂದರೆ, ಬೇರೆ ದಾರಿ ಇದೆಯಾ, ಅರ್ಧ ಗಂಟೆ ಕಾದರೆ ಏನಾಗುತ್ತೆ? ಜಗಳದ ದನಿಯಲ್ಲಿ ಬೇಡ. ಡಾಕ್ಟರು "ಕಾಯುವ ಹಾಗಿಲ್ಲ, ಮಗುವಿನ ಎದೆಬಡಿತ ಇಳಿಯುತ್ತಿದೆ" ಅಂದರೆ ಪ್ರಶ್ನೆ ಅಲ್ಲಿಗೆ ಮುಗಿಯಿತು. ನೆನಪಿರಲಿ, ಈ ಪ್ರಶ್ನೆ ಕೇಳಬೇಕಾದವರು ದಂಪತಿ. ಡೌಲಾ ನಿಮ್ಮ ಪರವಾಗಿ ಡಾಕ್ಟರ ಜೊತೆ ಹೋರಾಡಲು ನಿಂತರೆ ಅವಳು ತನ್ನ ಕೆಲಸ ಬಿಟ್ಟು ಬೇರೆಯದಕ್ಕೆ ಕೈಹಾಕಿದಳು ಅಂತಲೇ ಅರ್ಥ.

ಡೌಲಾ ಆರಿಸುವಾಗಲೂ ಇದೇ ಅಳತೆಗೋಲು. ಭಾರತದಲ್ಲಿ ಈ ಕೆಲಸಕ್ಕೆ ಸರ್ಕಾರದ ಲೈಸೆನ್ಸ್ ಅಂತ ಇಲ್ಲ. ಯಾರು ಬೇಕಾದರೂ ಬೋರ್ಡು ಹಾಕಿಕೊಳ್ಳಬಹುದು. ಎಲ್ಲಿ ತರಬೇತಿ, ಎಷ್ಟು ಹೆರಿಗೆಗೆ ಹೋಗಿದ್ದಾರೆ, ಅದೇ ದಿನ ಇನ್ನೊಬ್ಬರಿಗೂ ನೋವು ಬಂದರೆ ಬದಲಿಗೆ ಯಾರು ಬರುತ್ತಾರೆ, ಸಿಸೇರಿಯನ್ ಆದರೆ ಏನು ಮಾಡುತ್ತಾರೆ ಅಂತ ಕೇಳಿ. "ನನ್ನ ಕೈಯಲ್ಲಿ ಎಲ್ಲ ನಾರ್ಮಲ್ಲೇ" ಅನ್ನುವವರಿಂದ ದೂರ ಇರಿ. ಸ್ಕ್ಯಾನ್ ಬೇಡ, ಡಾಕ್ಟರು ಬೇಡ, ಮನೆಯಲ್ಲೇ ಮಾಡೋಣ ನಾನಿದ್ದೇನೆ ಅನ್ನುವ ಡೌಲಾ ಸಿಕ್ಕರೆ ಬಾಗಿಲು ತೋರಿಸಿ. ಹೆರಿಗೆಯಾದ ಮೇಲೆ ರಕ್ತಸ್ರಾವ ಶುರುವಾದರೆ ಕೈಯಲ್ಲಿರುವುದು ಕೆಲವೇ ನಿಮಿಷ, ಅದನ್ನು ನಿಲ್ಲಿಸುವ ವಿದ್ಯೆಯಾಗಲಿ ಔಷಧಿಯಾಗಲಿ ಡೌಲಾ ಹತ್ತಿರ ಇರುವುದಿಲ್ಲ.

ಯೋಜನೆ ಬದಲಾದರೆ

ಕಸ (ಪ್ಲಾಸೆಂಟಾ) ಗರ್ಭಕೋಶದ ಬಾಯಿಗೆ ಅಡ್ಡ ಕೂತಿದ್ದರೆ, ಮಗು ಅಡ್ಡ ಮಲಗಿದ್ದರೆ ಸಿಸೇರಿಯನ್ ಬೇಕೇ ಬೇಕು. ಬಿಪಿ ವಿಪರೀತ ಏರಿದ್ದರೆ ನೋವು ತಾನಾಗಿ ಬರಲಿ ಅಂತ ಕಾಯಲಾಗುವುದಿಲ್ಲ. ಎಲ್ಲ ಸರಿಯಿದ್ದೂ ಕೊನೆಯಲ್ಲಿ ಎದೆಬಡಿತ ಕೈಕೊಡಬಹುದು. ಇಪ್ಪತ್ತು ಗಂಟೆ ಆದಮೇಲೆ ಎಪಿಡ್ಯೂರಲ್ ತೆಗೆದುಕೊಂಡು ಎರಡು ಗಂಟೆ ನಿದ್ದೆ ಮಾಡಿ, ಆಮೇಲೆ ಚೆನ್ನಾಗಿ ಹೆತ್ತವರೂ ಇದ್ದಾರೆ. ಜೊತೆಗಾರರ ಕೆಲಸ ಆಗಲೂ ಇದ್ದೇ ಇರುತ್ತದೆ, ಸ್ವಲ್ಪ ಜಾಸ್ತಿಯೇ. ಆಪರೇಷನ್ ಥಿಯೇಟರಿಗೆ ಹೋಗುವ ಮುಂಚಿನ ಹತ್ತು ನಿಮಿಷ ಅವಳಷ್ಟು ಹೆದರಿದವರು ಆ ಕಟ್ಟಡದಲ್ಲಿ ಇನ್ನೊಬ್ಬರಿರುವುದಿಲ್ಲ.

ಸಹಜ ಅನ್ನುವ ಹಟದಲ್ಲಿ ಒಂದನ್ನು ಮಾತ್ರ ಬೇಡ ಅನ್ನಬೇಡಿ. ಮಗು ಹೊರಬಂದ ಕೂಡಲೇ ತೊಡೆಗೆ ಕೊಡುವ ಆಕ್ಸಿಟೋಸಿನ್ ಇಂಜೆಕ್ಷನ್. ಗರ್ಭಕೋಶ ಗಟ್ಟಿಯಾಗಿ ಕಸ ಬೇಗ ಬೀಳಲು, ರಕ್ತ ಜಾಸ್ತಿ ಹೋಗದಿರಲು ಅದು ಬೇಕು. ನಮ್ಮ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಎಷ್ಟು ಸಾಮಾನ್ಯ ಅಂತ ಗೊತ್ತಲ್ಲ, ಅಂಥವರಿಗೆ ಸ್ವಲ್ಪ ರಕ್ತ ಹೋದರೂ ಕಷ್ಟ. ಹೊಕ್ಕುಳ ಬಳ್ಳಿಯನ್ನು ಮಾತ್ರ ಅವಸರದಿಂದ ಕತ್ತರಿಸಬೇಕಿಲ್ಲ. ಮಗು ಚೆನ್ನಾಗಿದ್ದರೆ ಒಂದು ನಿಮಿಷವಾದರೂ ಕಾದರೆ ಆ ರಕ್ತ ಮಗುವಿಗೆ ಸೇರುತ್ತದೆ.

ಆಮೇಲಿನ ಒಂದು ಗಂಟೆ ಮಗು ಅಮ್ಮನ ಬರಿಯ ಎದೆಯ ಮೇಲಿರಬೇಕು. ತೂಕ, ಸ್ನಾನ, ಫೋಟೋ ಎಲ್ಲ ಕಾಯಬಹುದು. ಹಾಗೆ ಬಿಟ್ಟರೆ ಮಗು ತಾನೇ ತಲೆಯೆತ್ತಿ, ತೆವಳಿ ಮೊಲೆ ಹುಡುಕಿಕೊಳ್ಳುತ್ತದೆ. ಡೌಲಾ ಬಾಯಿ ಸರಿಯಾಗಿ ಹಿಡಿದಿದೆಯಾ ಅಂತ ನೋಡಿ, ತಾಯಿಗೆ ಒಂದು ಲೋಟ ಬಿಸಿ ಹಾಲು ಕುಡಿಸಿ ಹೊರಡುತ್ತಾಳೆ. ಅಷ್ಟರಲ್ಲಿ ಮನೆಯವರು ಬಂದಿರುತ್ತಾರೆ. ಮೊದಲ ಹಳದಿ ಹಾಲನ್ನು ಹಿಂಡಿ ಚೆಲ್ಲಬೇಕು ಅನ್ನುವ ಅಜ್ಜಿ ಇರುತ್ತಾರೆ. ಮಗುವಿನ ನಾಲಿಗೆಗೆ ಜೇನುತುಪ್ಪ ಸವರಲು ಬಂದ ದೊಡ್ಡಮ್ಮ ಇರುತ್ತಾರೆ. ಒಂದು ವರ್ಷದೊಳಗಿನ ಮಗುವಿಗೆ ಜೇನು ಕೊಡಲೇಬಾರದು, ಆ ಹಳದಿ ಹಾಲಿನ ಒಂದು ಹನಿಯೂ ಚೆಲ್ಲಬಾರದು. ಅದನ್ನು ದೊಡ್ಡಮ್ಮನಿಗೆ ಬೇಜಾರಾಗದ ಹಾಗೆ ಹೇಳುವ ಕೆಲಸ ಗಂಡನದು. "ಡಾಕ್ಟರು ಬೈತಾರೆ ದೊಡ್ಡಮ್ಮ" ಅಂದರೆ ಸಾಕು, ಸಾಮಾನ್ಯವಾಗಿ ಕೆಲಸ ಆಗುತ್ತದೆ.